ಹುಬ್ಬಳ್ಳಿಯಿಂದ ಬಿಡದಿಯ ವಂಡರ್‌ಲಾಗೆ ಸಣ್ಣ ಮಕ್ಕಳೊಂದಿಗೆ: ಗಡಿಬಿಡಿ ಇಲ್ಲದ ಮೂರು ದಿನ

ಸೂಟಿ ಹತ್ತಿರ ಬಂದಂತೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ತಾಯಿ-ತಂದೆಯರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಮಗಳಿಗೆ ಮೂರು ವರ್ಷ, ಮಗಗ ಆರು. ವಂಡರ್‌ಲಾಕ್ಕ ಕರ್ಕೊಂಡು ಹೋಗಬಹುದೇನ್ರಿ? ಇಷ್ಟು ಸಣ್ಣವರಿಗೆ ಅಲ್ಲೇನೈತಿ?” ಧಾರಾಳವಾಗಿ ಕರೆದುಕೊಂಡು ಹೋಗಬಹುದು, ಅವರಿಗೆ ಬೇಕಾದಷ್ಟಿದೆ. ಹೆಚ್ಚಿನ ಮನೆಯವರು ಸೋತು ಬರುವುದಕ್ಕೆ ಕಾರಣ ಪಾರ್ಕ್ ಅಲ್ಲ, ಹೋಗುವ ರೀತಿ. ರಾತ್ರಿ ಬಸ್ಸು ಹತ್ತುವುದು, ನಸುಕಿನಲ್ಲಿ ಇಳಿದು ಎಲ್ಲೋ ಮುಖ ತೊಳೆದು ನೆಟ್ಟಗೆ ಪಾರ್ಕಿಗೆ ನುಗ್ಗುವುದು, ಸಂಜೆ ಮತ್ತೆ ಬಸ್ಸು. ನಾವೂ ಮೊದಲ ಸಲ ಹಾಗೇ ಹೋಗಿದ್ದೆವು. ನೀರಿನ ಆಟ ಶುರುವಾಗುವ ಹೊತ್ತಿಗೆ ಮಗಳು ಮರದ ಕೆಳಗೆ ನಿದ್ದೆ ಹೋಗಿದ್ದಳು, ಎದ್ದಾಗ ಎಲ್ಲರೂ ಹೊರಗೆ ಹೊರಟಿದ್ದರು.

ಈ ಬರಹ ಎರಡರಿಂದ ಎಂಟು ವರ್ಷದೊಳಗಿನ ಮಕ್ಕಳಿರುವವರಿಗೆ. ಮಗುವಿನ ನಿದ್ದೆ, ಊಟ, ಶೌಚದ ಹೊತ್ತೇ ನಿಮ್ಮ ವೇಳಾಪಟ್ಟಿ ಆಗಬೇಕು. ಕೆಳಗಿನ ಪ್ರತಿ ಹಂತವೂ ಅದರ ಮೇಲೆಯೇ ನಿಂತಿದೆ.

ವಂಡರ್‌ಲಾ ಇರುವುದು ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬಿಡದಿಯ ಹತ್ತಿರ, ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರದಲ್ಲಿ. 2005ರಲ್ಲಿ ಶುರುವಾಯಿತು. ಅಲ್ಲಿ ಎರಡು ಬಗೆಯ ಆಟಗಳಿವೆ. ಅರಿವೆ ತೋಯದ ತಿರುಗಣಿ, ತೊಟ್ಟಿಲು, ರೈಲಿನಂಥವಕ್ಕೆ ‘ಡ್ರೈ ರೈಡ್’ ಎನ್ನುತ್ತಾರೆ. ಕೊಳ, ಜಾರುಬಂಡೆ, ಅಲೆಗಳದ್ದು ‘ವಾಟರ್ ರೈಡ್’.

1. ಮೊದಲು ಎತ್ತರ ಅಳೆಯಿರಿ

ಇಲ್ಲಿ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇರುವ ಕೂಸಿಗೆ ಟಿಕೆಟ್ ಇಲ್ಲ. 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್. ಅದಕ್ಕಿಂತ ಮೇಲಿನವರಿಗೆ ದೊಡ್ಡವರ ದರ. ಎರಡು ವರ್ಷದ ಆಸುಪಾಸಿನಲ್ಲಿ ಹೆಚ್ಚಿನ ಮಕ್ಕಳು 85 ಸೆಂ.ಮೀ. ಹತ್ತಿರ ಇರುತ್ತಾರೆ. 140 ಮುಟ್ಟುವುದು ಸಾಮಾನ್ಯವಾಗಿ ಹತ್ತು ವರ್ಷದ ಸುಮಾರಿಗೆ.

ಅಳೆಯುವುದು ಹೀಗೆ: ಚಪ್ಪಲಿ ತೆಗೆಸಿ ಹಿಮ್ಮಡಿ, ಬೆನ್ನು, ತಲೆ ಗೋಡೆಗೆ ತಾಗುವಂತೆ ನಿಲ್ಲಿಸಿ. ತಲೆಯ ಮೇಲೆ ಒಂದು ಪುಸ್ತಕವನ್ನು ಗೋಡೆಗೆ ಒತ್ತಿ ಅಡ್ಡ ಹಿಡಿದು ಪೆನ್ಸಿಲಿನಿಂದ ಗುರುತು ಹಾಕಿ, ಟೇಪಿನಿಂದ ಅಳೆಯಿರಿ. ಜುಟ್ಟು ಕಟ್ಟಿದ್ದರೆ ಬಿಚ್ಚಿ.

ಈ ಅಳತೆ ಹಣಕ್ಕಿಂತ ಹೆಚ್ಚಾಗಿ ಮಕ್ಕಳ ಮನಸ್ಸಿಗೆ ಬೇಕು. ಮೈ ಜುಮ್ಮೆನಿಸುವ ದೊಡ್ಡ ಆಟಗಳಿಗೆ ಕನಿಷ್ಠ ಎತ್ತರದ ಮಿತಿ ಇದೆ, ಅದನ್ನು ಸಿಬ್ಬಂದಿ ಸಡಿಲಿಸುವುದಿಲ್ಲ, ಸಡಿಲಿಸಲೂಬಾರದು. ಮೊಬೈಲಿನಲ್ಲಿ ರೋಲರ್ ಕೋಸ್ಟರ್ ವಿಡಿಯೊ ತೋರಿಸಿ ಆಸೆ ಹುಟ್ಟಿಸಿದರೆ ಆರು ವರ್ಷದ ಮಗ ಸರದಿಯಲ್ಲಿ ನಿಂತು, ಅಳತೆಗೋಲಿನ ಹತ್ತಿರ ಅಳುತ್ತ ವಾಪಸು ಬರುತ್ತಾನೆ. ಮನೆಯಲ್ಲೇ ಗೋಡೆಯ ಗುರುತು ತೋರಿಸಿ, “ಇವೆಲ್ಲ ಈಗ ನಿನ್ನವು, ಅವು ನೀ ಇಷ್ಟೆತ್ತರ ಆದ ಮೇಲೆ” ಎಂದು ಹೇಳಿಬಿಡಿ. ಮಕ್ಕಳು ಒಪ್ಪುತ್ತಾರೆ. ಅವರಿಗೆ ಸಿಟ್ಟು ಬರುವುದು ಕಡೇ ಗಳಿಗೆಯಲ್ಲಿ ಬೇಡ ಅಂದಾಗ.

2. ಊರ ಹತ್ತಿರ ಒಂದು ತಾಲೀಮು

ಈ ಹಂತ ಬಿಟ್ಟುಬಿಡುವವರೇ ಹೆಚ್ಚು. ದೊಡ್ಡ ಪ್ರವಾಸಕ್ಕೆ ಒಂದು ತಿಂಗಳು ಮೊದಲು ಅರ್ಧ ದಿನದ ಸಣ್ಣ ಸುತ್ತಾಟ ಮಾಡಿ. ನಾನು ಹೇಳುವುದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಪುಣೆ–ಬೆಂಗಳೂರು ಹೆದ್ದಾರಿಯ ಬದಿಗೇ ಇದೆ, ಹುಬ್ಬಳ್ಳಿಯಿಂದಲೂ ಹಾವೇರಿಯಿಂದಲೂ ಒಂದು ತಾಸಿನೊಳಗೆ ಮುಟ್ಟಬಹುದು. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ರೂಪುಗೊಂಡ ಶಿಲ್ಪವನ ಅದು. ನಮ್ಮ ಕಡೆಯ ಹಳ್ಳಿ ಬದುಕು, ಕಸುಬು, ದನಕರುಗಳೆಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಎತ್ತಿನ ಶಿಲ್ಪ ಮುಟ್ಟಿ ನೋಡಲು ಹೋಗಿ ಅದು ಅಲುಗಾಡುವುದಿಲ್ಲ ಎಂದು ಬೆರಗಾಗುವ ಕೂಸುಗಳನ್ನು ನೋಡುವುದೇ ಒಂದು ಸುಖ. ಗದಗದವರಿಗೆ ಬಿಂಕದಕಟ್ಟಿ ಮೃಗಾಲಯ ಹತ್ತಿರ, ಹುಬ್ಬಳ್ಳಿ ಪೇಟೆಯವರಿಗೆ ಇಂದಿರಾ ಗಾಜಿನ ಮನೆಯೇ ಸಾಕು.

ಅಲ್ಲಿ ನಾಲ್ಕು ಸಂಗತಿ ಗಮನಿಸಿ ಬರೆದಿಟ್ಟುಕೊಳ್ಳಿ. ಎಷ್ಟು ಹೊತ್ತು ನಡೆದ ಮೇಲೆ “ಎತ್ಗೋ” ಅನ್ನುತ್ತದೆ? ಸಾರ್ವಜನಿಕ ಶೌಚಾಲಯಕ್ಕೆ ಹೋಗಲು ಒಪ್ಪುತ್ತದೆಯೇ? ಗದ್ದಲಕ್ಕೆ, ಧ್ವನಿವರ್ಧಕಕ್ಕೆ ಹೆದರುತ್ತದೆಯೇ? ಮಧ್ಯಾಹ್ನದ ನಿದ್ದೆ ತಪ್ಪಿದರೆ ಎಷ್ಟು ಗಂಟೆಗೆ ಹಟ ಶುರು? ಮೂರು ತಾಸಿಗೇ ಸುಸ್ತಾಗುವ ಮಗು ಬಿಡದಿಯಲ್ಲಿ ಏಳು ತಾಸು ಆಡುವುದಿಲ್ಲ. ಅದರ ಶಕ್ತಿ ಎಷ್ಟೆಂದು ಗೊತ್ತಾದರೆ ನಿಮ್ಮ ನಿರೀಕ್ಷೆಯೂ ಅಷ್ಟಕ್ಕೇ ನಿಲ್ಲುತ್ತದೆ.

3. ದಿನ ಆರಿಸುವುದು

ಏಪ್ರಿಲ್–ಮೇ ಮತ್ತು ದಸರೆಯ ರಜೆಯಲ್ಲಿ, ಶನಿವಾರ-ಭಾನುವಾರಗಳಲ್ಲಿ ನೂಕುನುಗ್ಗಲು. ಮಕ್ಕಳೆಲ್ಲ ಇನ್ನೂ ಶಾಲೆಗೆ ಸೇರದ ವಯಸ್ಸಿನವರಾಗಿದ್ದರೆ ರಜೆ ಮುಗಿದು ಶಾಲೆ ಶುರುವಾದ ಮೇಲಿನ ಮಂಗಳವಾರ, ಬುಧವಾರ, ಗುರುವಾರ ಹಿಡಿಯಿರಿ. ಟಿಕೆಟ್ ದರವೂ ದಿನ ನೋಡಿ ಬದಲಾಗುತ್ತದೆ, ವಾರದ ನಡುವೆ ಕಡಿಮೆ. ಶಾಲೆಗೆ ಹೋಗುವ ಮಗು ಇದ್ದರೆ ರಜೆಯ ಮೊದಲ ವಾರ ಬಿಟ್ಟು ನಡುವಿನ ವಾರಗಳಲ್ಲಿ, ಅದೂ ವಾರದ ನಡುವೆ ಹೋಗಿ.

ಡಿಸೆಂಬರ್–ಜನವರಿಯಲ್ಲಿ ಬೆಂಗಳೂರು ಕಡೆ ಚಳಿ ಗಾಳಿ. ನೀರಿನಿಂದ ಹೊರಬಂದ ಸಣ್ಣ ಮಗು ತುಟಿ ನೀಲಿ ಮಾಡಿಕೊಂಡು ನಡುಗುತ್ತದೆ. ಆ ತಿಂಗಳುಗಳಲ್ಲಿ ಮೂರು ವರ್ಷದೊಳಗಿನವರನ್ನು ನಾನಾದರೆ ನೀರಿಗೆ ಇಳಿಸುವುದಿಲ್ಲ.

4. ಪ್ರಯಾಣ: ಹಗಲು ಹೋಗಿ

ಒಂದನೇ ದಿನ ಬರೀ ಪ್ರಯಾಣ, ಎರಡನೇ ದಿನ ಪಾರ್ಕ್, ಮೂರನೇ ದಿನ ವಾಪಸು. ಮೊದಲ ದಿನ “ವ್ಯರ್ಥ” ಅನ್ನಿಸುತ್ತದೆ. ಆದರೆ ಎರಡನೇ ದಿನ ಮಗು ನಗುತ್ತ ಏಳುವುದು ಆ ದಿನದಿಂದಲೇ.

ರೈಲು: ಧಾರವಾಡ–ಬೆಂಗಳೂರು ವಂದೇ ಭಾರತ್ 2023ರ ಜೂನ್‌ನಲ್ಲಿ ಶುರುವಾಯಿತು. ಧಾರವಾಡ, ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಟು ರಾತ್ರಿ ಊಟದ ಹೊತ್ತಿಗೆ ಬೆಂಗಳೂರು ಸೇರಿಸುತ್ತದೆ. ಮಕ್ಕಳಿಗೆ ಇದಕ್ಕಿಂತ ಅನುಕೂಲದ ಹೊತ್ತಿಲ್ಲ: ಮನೆಯಲ್ಲೇ ಉಂಡು ಹತ್ತಿದರೆ ಮೊದಲೆರಡು ತಾಸು ನಿದ್ದೆಯಲ್ಲೇ ಕಳೆಯುತ್ತವೆ. ವಾರದ ಏಳೂ ದಿನ ಓಡುವುದಿಲ್ಲ, ದಿನ ನೋಡಿಕೊಳ್ಳಿ. ಹಾವೇರಿಯವರಿಗೆ ಮಧ್ಯಾಹ್ನದ ಜನಶತಾಬ್ದಿ ಒಳ್ಳೆಯದು. ಗದಗದವರು ಹುಬ್ಬಳ್ಳಿಗೆ ಬಂದು ಹತ್ತಬಹುದು. ಇಲ್ಲವೇ ಊರಲ್ಲೇ ಸಿಗುವ ಹಂಪಿ ಎಕ್ಸ್‌ಪ್ರೆಸ್ ಹಿಡಿಯಬಹುದು. ಅದು ರಾತ್ರಿಯ ಗಾಡಿ, ಹಾಗಾಗಿ ಬೆಳಗ್ಗೆ ಇಳಿದವರು ಆ ದಿನ ಪಾರ್ಕಿಗೆ ಹೋಗದೆ ಕೋಣೆ ಹಿಡಿದು ವಿಶ್ರಾಂತಿ ಮಾಡಿ.

ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ, ನೆನಪಿರಲಿ. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿಕೊಂಡು, ಅರ್ಧ ತಾಸು ಮುಂಚೆ ಹೋಗಿ. ಕೂಸು ಒಂದು ಕಂಕುಳಲ್ಲಿ, ಚೀಲ ಇನ್ನೊಂದು ಕಂಕುಳಲ್ಲಿ ಇಟ್ಟುಕೊಂಡು ಅಷ್ಟುದ್ದ ಓಡುವುದು ಯಾರಿಗೂ ಬೇಡ.

ಟಿಕೆಟ್ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಐದು ವರ್ಷದೊಳಗಿನವರಿಗೆ ಬೇರೆ ಸೀಟು ಬೇಡವೆಂದರೆ ಟಿಕೆಟ್ ಬೇಕಿಲ್ಲ. ವಂದೇ ಭಾರತ್‌ನಂಥ ಕುರ್ಚಿ ಬೋಗಿಯಲ್ಲಿ, ಅಂದರೆ ಚೇರ್ ಕಾರಿನಲ್ಲಿ, ನಾಲ್ಕು ವರ್ಷದ ಮಗುವನ್ನು ಆರು ತಾಸು ತೊಡೆಯ ಮೇಲೆ ಇಟ್ಟುಕೊಳ್ಳುವುದು ಅವರಿಗೂ ಹಿಂಸೆ, ನಿಮಗೂ ಹಿಂಸೆ. ಪೂರ್ತಿ ದರ ಕೊಟ್ಟು ಸೀಟು ತೆಗೆದುಬಿಡಿ. ಉಳಿತಾಯ ಬೇಕಿದ್ದರೆ ಬೇರೆ ಕಡೆ ಮಾಡಿ.

ಎಡವುವ ಜಾಗ: ಬೆಂಗಳೂರು ಎಂದರೆ ಒಂದೇ ನಿಲ್ದಾಣ ಅಲ್ಲ. ಕೆಎಸ್‌ಆರ್ ಅಂದರೆ ಮೆಜೆಸ್ಟಿಕ್, ಯಶವಂತಪುರ ಬೇರೆ, ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಇನ್ನೂ ಬೇರೆ. ಹೋಗುವಾಗ ಇಳಿದ ಕಡೆಯೇ ಬರುವಾಗಲೂ ಗಾಡಿ ಸಿಗುತ್ತದೆ ಎಂದುಕೊಳ್ಳಬೇಡಿ. ಟಿಕೆಟ್ಟಿನಲ್ಲಿ ಹತ್ತುವ ನಿಲ್ದಾಣದ ಹೆಸರನ್ನು ಗುರುತು ಮಾಡಿ.

ಕಾರು: ಹುಬ್ಬಳ್ಳಿಯಿಂದ 400 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ದೊಡ್ಡವರಷ್ಟೇ ಇದ್ದರೆ ಏಳು ತಾಸು, ಮಕ್ಕಳಿದ್ದರೆ ಒಂಬತ್ತು ಎಂದು ಲೆಕ್ಕ ಹಾಕಿ. ಎರಡು ತಾಸಿಗೊಮ್ಮೆ ನಿಲ್ಲಿಸಿ. ಬೆಂಗಳೂರು ನಗರದೊಳಗೆ ಹೋಗಬೇಡಿ. ತುಮಕೂರು ರಸ್ತೆಯಿಂದ ನೈಸ್ ರಸ್ತೆಗೆ ತಿರುಗಿದರೆ ನೇರ ಮೈಸೂರು ರಸ್ತೆಗೆ ಬರುತ್ತೀರಿ. ಕಾರಿನಲ್ಲಿ ಮಕ್ಕಳು ಹಿಂದಿನ ಸೀಟಿನಲ್ಲೇ ಇರಲಿ. ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುವ ರೂಢಿ ನಮ್ಮಲ್ಲಿದೆ, ಅದನ್ನು ಬಿಡಬೇಕು.

5. ಉಳಿಯುವುದು ಎಲ್ಲಿ

“ಕಾಕಾನ ಮನಿ ಬೆಂಗಳೂರಾಗ ಐತಲ್ಲ, ಲಾಡ್ಜ್ ಯಾಕ?” ಇದು ಎಲ್ಲರ ಮನೆಯ ಮಾತು. ಕಾಕಾನ ಮನೆ ಕೆಂಗೇರಿಯಲ್ಲಿದ್ದರೆ ಸಂತೋಷ. ವೈಟ್‌ಫೀಲ್ಡ್‌ನಲ್ಲಿದ್ದರೆ ಅದು ಊರಿನ ಇನ್ನೊಂದು ತುದಿ. ಬೆಳಗಿನ ದಟ್ಟಣೆಯಲ್ಲಿ ಅಲ್ಲಿಂದ ಬಿಡದಿಗೆ ಬರುವಷ್ಟರಲ್ಲಿ ಮಗುವಿನ ಅರ್ಧ ಉತ್ಸಾಹ ಖಾಲಿ. ಪಾರ್ಕಿನ ಹಿಂದಿನ ರಾತ್ರಿ ಮತ್ತು ಆ ರಾತ್ರಿ ಕೆಂಗೇರಿ–ಬಿಡದಿ ನಡುವೆ ಇರಿ, ನೆಂಟರನ್ನು ಮೂರನೇ ದಿನ ನೋಡಿ. ಪಾರ್ಕಿಗೆ ಅಂಟಿಕೊಂಡೇ ಅವರದ್ದೇ ರೆಸಾರ್ಟ್ ಇದೆ. ದುಬಾರಿ ನಿಜ, ಆದರೆ ಮಧ್ಯಾಹ್ನ ಕೋಣೆಗೆ ಹೋಗಿ ಮಲಗಿಸುವ ಸೌಕರ್ಯ ಎರಡು ವರ್ಷದ ಕೂಸಿದ್ದವರಿಗೆ ಆ ಹಣಕ್ಕೆ ಸಮ. ಹೊರಗೆ ಹೋಗಿ ಮರಳಿ ಬರಲು ಬಿಡುತ್ತಾರೆಯೇ ಎಂದು ಬುಕ್ ಮಾಡುವಾಗಲೇ ಕೇಳಿ.

ಮೆಜೆಸ್ಟಿಕ್‌ನಲ್ಲಿ ಇಳಿದವರು ನೇರಳೆ ಮಾರ್ಗದ ಮೆಟ್ರೊ ಹಿಡಿದು ಚಲ್ಲಘಟ್ಟದವರೆಗೆ ಹೋಗಬಹುದು, 2023ರ ಅಕ್ಟೋಬರ್‌ನಿಂದ ಅಲ್ಲಿಯವರೆಗೆ ಓಡುತ್ತಿದೆ. ಅಲ್ಲಿಂದ ಮುಂದೆ ಟ್ಯಾಕ್ಸಿ. ಆಟೊಗಳಿಗೆ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ತಡವಾಗುತ್ತದೆ.

6. ಚೀಲದಲ್ಲಿ ಏನಿರಬೇಕು

ನೀರಿನ ಆಟಕ್ಕೆ ಹತ್ತಿ ಅರಿವೆ ನಡೆಯುವುದಿಲ್ಲ. ನೈಲಾನ್ ಅಥವಾ ಲೈಕ್ರಾದ ಈಜುಡುಗೆ ಕಡ್ಡಾಯ, ಜೊತೆಗೆ ಬಂದ ದೊಡ್ಡವರಿಗೂ. ಸೀರೆ, ಚೂಡಿದಾರದಲ್ಲಿ ಕೊಳಕ್ಕೆ ಇಳಿಯಲು ಬಿಡುವುದಿಲ್ಲ. ಅಲ್ಲಿ ಹೋಗಿ ಕೊಳ್ಳುವ ಬದಲು ಹುಬ್ಬಳ್ಳಿಯಲ್ಲೇ ಎಲ್ಲರಿಗೂ ಉದ್ದ ತೋಳಿನದನ್ನು ತೆಗೆದುಕೊಳ್ಳಿ. ಮೈ ಮುಚ್ಚುತ್ತದೆ, ಬಿಸಿಲೂ ತಾಗುವುದಿಲ್ಲ. ಮಗಳದ್ದು, ಮಗನದ್ದು ಕಡು ಕೇಸರಿ ಅಥವಾ ಕೆಂಪು ಬಣ್ಣ ಇರಲಿ. ನೀಲಿ ಬಣ್ಣ ನೀಲಿ ಕೊಳದಲ್ಲಿ ಕಾಣುವುದೇ ಇಲ್ಲ.

ಡೈಪರ್ ಹಾಕುವ ಮಗುವಿಗೆ ‘ಸ್ವಿಮ್ ಡೈಪರ್’ ಬೇಕು. ಮಾಮೂಲಿ ಡೈಪರ್ ನೀರು ಹೀರಿ ಉಬ್ಬಿ ಕಲ್ಲಿನಂತೆ ಜೋತು ಬೀಳುತ್ತದೆ. ಸ್ವಿಮ್ ಡೈಪರ್ ನೀರು ಹೀರುವುದಿಲ್ಲ, ಗಟ್ಟಿ ಮಲವನ್ನಷ್ಟೇ ತಡೆಯುತ್ತದೆ. ಹಾಗಾಗಿ ಮಗುವಿಗೆ ಭೇದಿ ಇದ್ದರೆ ಆ ದಿನ ನೀರಿಗೆ ಇಳಿಸಲೇಬಾರದು, ಉಳಿದ ಮಕ್ಕಳ ದೃಷ್ಟಿಯಿಂದಲೂ.

ಇನ್ನುಳಿದವು: ಒಬ್ಬರಿಗೊಂದು ಟಾವೆಲ್, ಎರಡು ಜೊತೆ ಒಣ ಅರಿವೆ, ಜಾರದ ರಬ್ಬರ್ ಚಪ್ಪಲಿ, ಟೊಪ್ಪಿಗೆ, ತೋಯ್ದದ್ದು ತುಂಬಲು ಪ್ಲಾಸ್ಟಿಕ್ ಚೀಲ, ಹೊದೆಯಲು ತೆಳ್ಳನೆಯ ಚಾದರ, ಮಡಚುವ ತಳ್ಳುಗಾಡಿ, ಮಗುವಿನ ಮಾಮೂಲಿ ಔಷಧಿ. ಕಿವಿ ಸೋರುವ ತೊಂದರೆ ಇದ್ದರೆ ಹೊರಡುವ ಮುನ್ನ ವೈದ್ಯರನ್ನು ಕೇಳಿ. ಬಂಗಾರದ ಓಲೆ, ಸರ, ಬಳೆ ಎಲ್ಲ ಮನೆಯಲ್ಲೇ ಇರಲಿ.

ಓಆರ್‌ಎಸ್ ಪುಡಿ ಎರಡು ಪೊಟ್ಟಣ ಇಟ್ಟುಕೊಳ್ಳಿ. ಭೇದಿ, ವಾಂತಿಯಿಂದ ಮೈಯ ನೀರು ಇಳಿದಾಗ ಕೊಡುವ ಉಪ್ಪು-ಸಕ್ಕರೆಯ ಪುಡಿ ಅದು. ಔಷಧಿ ಅಂಗಡಿಯಲ್ಲಿ ‘ಡಬ್ಲ್ಯುಎಚ್‌ಒ ಸೂತ್ರ’ ಎಂದು ಬರೆದದ್ದನ್ನೇ ಕೇಳಿ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಅದಕ್ಕೆ ಬದಲಿ ಅಲ್ಲ.

ಗಾಡಿಯಲ್ಲಿ ತಿನ್ನಲು ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಚುರಮುರಿ, ಬಾಳೆಹಣ್ಣು. ಮಿರ್ಚಿ ಭಜಿ ದೊಡ್ಡವರಿಗೂ ಪ್ರಯಾಣದ ದಿನ ಬೇಡ. ನಾಲ್ಕೈದು ವರ್ಷದೊಳಗಿನವರಿಗೆ ಇಡೀ ಶೇಂಗಾ ಕೊಡಬೇಡಿ, ಚುರಮುರಿಯಲ್ಲಿರುವುದನ್ನೂ ಆರಿಸಿ ತೆಗೆಯಿರಿ. ಗಾಡಿಯ ಅಲುಗಾಟದಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ಕೂಸಿನ ಆಹಾರ, ಹಾಲಿನ ಪುಡಿ ಒಯ್ಯುವುದಿದ್ದರೆ ಮೊದಲೇ ಫೋನು ಮಾಡಿ ಕೇಳಿಕೊಳ್ಳಿ.

7. ಪಾರ್ಕಿನ ದಿನ, ಹೊತ್ತಿನ ಪ್ರಕಾರ

ಬೆಳಗ್ಗೆ 8.30: ಬಿಡದಿಯ ತಟ್ಟೆ ಇಡ್ಲಿ. ಮೆತ್ತಗೆ, ಖಾರವಿಲ್ಲದ್ದು, ಸಣ್ಣವರಿಗೆ ಇದಕ್ಕಿಂತ ಒಳ್ಳೆಯ ನಾಷ್ಟಾ ಸಿಗುವುದಿಲ್ಲ. ಹೊಟ್ಟೆ ತುಂಬ ಉಣಿಸಿ, ಆದರೆ ತಿರುಗುವ ಆಟಕ್ಕೂ ಊಟಕ್ಕೂ ನಡುವೆ ಒಂದು ತಾಸಿನ ಅಂತರ ಇರಲಿ.

10.40: ಬಾಗಿಲು ಸಾಮಾನ್ಯವಾಗಿ 11ಕ್ಕೆ ತೆರೆಯುತ್ತದೆ. ಟಿಕೆಟ್ ಮೊದಲೇ ಮೊಬೈಲಿನಲ್ಲಿ ತೆಗೆದಿಟ್ಟಿರಿ. ‘ಫಾಸ್ಟ್‌ಟ್ರ್ಯಾಕ್’ ಎಂಬ ದುಬಾರಿ ಟಿಕೆಟ್ ಇದೆ, ಅದು ಸರದಿ ತಪ್ಪಿಸಿ ಬೇಗ ಒಳಬಿಡುವುದು. ಉದ್ದನೆಯ ಸರದಿ ಇರುವುದು ದೊಡ್ಡ ಆಟಗಳಿಗೆ. ನಿಮ್ಮ ಮಕ್ಕಳು ಅವನ್ನು ಹತ್ತುವುದೇ ಇಲ್ಲವಲ್ಲ, ನಿಮಗೆ ಅದು ಬೇಡ.

11ರಿಂದ 12.30: ಮಕ್ಕಳ ಡ್ರೈ ರೈಡ್‌ಗಳು. ಎಲ್ಲರೂ ದೊಡ್ಡ ಆಟಗಳ ಕಡೆ ಓಡುತ್ತಾರೆ, ಮಕ್ಕಳ ವಿಭಾಗ ಆಗ ಖಾಲಿ. ಮೊದಲು ದೂರ ನಿಂತು ಒಂದು ಸುತ್ತು ನೋಡಲಿ, ಆಮೇಲೆ ಹತ್ತಲಿ. ಒಂದೇ ಕುದುರೆಯನ್ನು ಐದು ಸಲ ಹತ್ತುತ್ತೇನೆ ಅಂದರೆ ಹತ್ತಲಿ ಬಿಡಿ. “ಅದನ್ನೇ ಯಾಕ, ಇನ್ನೊಂದು ನೋಡು” ಅನ್ನುವುದು ನಮ್ಮ ಹಣದ ಲೆಕ್ಕ, ಅವರ ಖುಷಿಯ ಲೆಕ್ಕ ಅಲ್ಲ. ಹೆದರಿದ ಮಗುವನ್ನು “ಏನಾಗಂಗಿಲ್ಲ ಬಾ” ಎಂದು ಎಳೆದು ಕೂರಿಸಬೇಡಿ. ಒಮ್ಮೆ ಹಾಗೆ ಕೂರಿಸಿದರೆ ಆ ದಿನ ಮತ್ಯಾವುದಕ್ಕೂ ಬರುವುದಿಲ್ಲ.

ಗಂಡ-ಹೆಂಡತಿ ಇಬ್ಬರಿಗೂ ದೊಡ್ಡ ಆಟದ ಆಸೆ ಇದ್ದರೆ ಪಾಳಿ ಹಾಕಿಕೊಳ್ಳಿ: ಒಬ್ಬರು ಮಕ್ಕಳ ಜೊತೆ, ಒಬ್ಬರು ಆಟಕ್ಕೆ, ತಲಾ ಎರಡು. ಅಜ್ಜಿ, ಆಯಿ ಜೊತೆಗೆ ಬಂದಿದ್ದರೆ ಇಬ್ಬರೂ ಸಣ್ಣವರನ್ನು ಅವರ ಮೇಲೆ ಬಿಟ್ಟು ಹೋಗಬೇಡಿ. ಓಡುವ ಮಗುವಿನ ಹಿಂದೆ ಅವರು ಓಡಲಾರರು.

12.30: ಎಲ್ಲರಿಗಿಂತ ಮೊದಲು ಊಟ. ಮೊಸರನ್ನ, ಚಪಾತಿಯಂಥ ಸಾದಾ ಊಟ. ಆಮೇಲೆ ನೆರಳಿನಲ್ಲಿ ತಳ್ಳುಗಾಡಿಯೊಳಗೆ ಚಾದರ ಹೊದಿಸಿ ಮಲಗಿಸಿ. ಆ ಒಂದು ತಾಸು ನೀವೂ ಸುಮ್ಮನೆ ಕೂರಿ. ಕೊಟ್ಟ ದುಡ್ಡು ಹೋಗುತ್ತಿದೆ ಅನ್ನಿಸುತ್ತದೆ, ಆದರೂ ಎಬ್ಬಿಸಬೇಡಿ.

2.30ರಿಂದ 4: ನೀರು. ಅದರ ಬಗ್ಗೆ ಮುಂದಿನ ಹಂತದಲ್ಲಿ ವಿವರವಾಗಿ ಹೇಳುತ್ತೇನೆ. ನೀರಿನ ಆಟಗಳು ಸಾಮಾನ್ಯವಾಗಿ ಸಂಜೆ 5ರ ಸುಮಾರಿಗೆ ನಿಲ್ಲುತ್ತವೆ. ಕೊನೆಯವರೆಗೆ ಇದ್ದರೆ ಸ್ನಾನ, ಬಟ್ಟೆ ಬದಲಿಸುವ ಕೋಣೆ ಮತ್ತು ಲಾಕರ್ ಮುಂದೆ ನೂಕಾಟ. ಲಾಕರ್ ಎಂದರೆ ಬಾಡಿಗೆಗೆ ಸಿಗುವ ಬೀಗದ ಪೆಟ್ಟಿಗೆ. ಅದಕ್ಕೇ 4ಕ್ಕೆ ಎದ್ದುಬಿಡಿ. ಸಿಹಿನೀರಿನಲ್ಲಿ ತಲೆ ತೊಳೆದು, ಒಣ ಅರಿವೆ ಹಾಕಿ, ಬಿಸಿ ಏನಾದರೂ ಕುಡಿಸಿ. ಇನ್ನೂ ಹುರುಪಿದ್ದರೆ ಬೆಳಗ್ಗೆ ಇಷ್ಟಪಟ್ಟ ಆಟ ಇನ್ನೊಮ್ಮೆ, ಇಲ್ಲದಿದ್ದರೆ ಕೋಣೆಗೆ.

8. ನೀರಿನಲ್ಲಿ

ಸಮಾಧಾನದ ಪ್ರವಾಸದಲ್ಲೂ ಇಲ್ಲಿ ಮಾತ್ರ ಸಮಾಧಾನ ಬೇಡ.

ಈಜು ಬಾರದ ಮಗು ಯಾವಾಗಲೂ ನಿಮ್ಮ ಕೈಗೆಟುಕುವಷ್ಟು ದೂರದಲ್ಲೇ ಇರಬೇಕು. ಕಣ್ಣಿಗೆ ಕಾಣುತ್ತಿದೆ ಅನ್ನುವುದು ಸಾಲದು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರು ಸಿಕ್ಕರೆ ಸಾಕಾಗಿರುತ್ತದೆ, ಕೂಗಲು ಆಗುವುದೇ ಇಲ್ಲ. ಸದ್ದಿಲ್ಲದೆ ಕೆಳಗೆ ಹೋಗುತ್ತದೆ, ಮೊಣಕಾಲುದ್ದದ ನೀರಿನಲ್ಲಿಯೂ. ಗಾಳಿ ತುಂಬಿದ ತೋಳುಪಟ್ಟಿ, ಬಾತುಕೋಳಿ ಟ್ಯೂಬು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಜಾರುತ್ತವೆ, ಮಗುಚುತ್ತವೆ.

ಒಂದು ಹೊತ್ತಿಗೆ ಒಬ್ಬರೇ ಕಾವಲು, ಹೆಸರು ಹೇಳಿ ಒಪ್ಪಿಸಬೇಕು: “ಈಗ ಹದಿನೈದು ನಿಮಿಷ ನೀ ನೋಡಬೇಕು.” ಆರು ಜನ ದೊಡ್ಡವರು ಸುತ್ತ ನಿಂತಾಗಲೇ ಅವಘಡಗಳಾಗುವುದು, ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಕಾವಲಿಗಿರುವವರ ಕೈಯಲ್ಲಿ ಮೊಬೈಲ್ ಬೇಡ. ಫೋಟೊ ಬೇಕಿದ್ದರೆ ಇನ್ನೊಬ್ಬರು ತೆಗೆಯಲಿ.

ವೇವ್ ಪೂಲ್, ಅಂದರೆ ಯಂತ್ರದಿಂದ ಅಲೆ ಎಬ್ಬಿಸುವ ಕೊಳದಲ್ಲಿ, ದಡದ ಅಂಚಿನಲ್ಲೇ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರಿ. ಅಲೆ ಬಂದಾಗ ಗುಂಪು ಒಮ್ಮೆಲೇ ಹಿಂದಕ್ಕೆ ಸರಿಯುತ್ತದೆ. ಸಣ್ಣವರಿಗೆ ಅಲೆಗಿಂತ ಆ ಜನರದ್ದೇ ಅಪಾಯ. ಲೇಜಿ ರಿವರ್ ಎಂದರೆ ನಿಧಾನ ಹರಿಯುವ ಕಾಲುವೆಯಲ್ಲಿ ಟ್ಯೂಬಿನ ಮೇಲೆ ತೇಲುವುದು. ಮಗು ದೊಡ್ಡವರ ಜೊತೆಗೇ ಕೂರಬಹುದೇ ಎಂದು ಸಿಬ್ಬಂದಿಯನ್ನು ಕೇಳಿ. ಸಣ್ಣವರಿಗಾಗಿಯೇ ಇರುವ ಆಳವಿಲ್ಲದ ಕೊಳಗಳೇ ನಿಮ್ಮ ನಿಜವಾದ ಜಾಗ, ಒಂದೂವರೆ ತಾಸು ಅಲ್ಲೇ ಕಳೆದರೂ ಮಕ್ಕಳಿಗೆ ಬೇಸರವಾಗುವುದಿಲ್ಲ. ಕತ್ತಲೆಯಲ್ಲಿ ಹಾಡು ಹಾಕಿ ಮಳೆ ಸುರಿಸುವ ರೇನ್ ಡಿಸ್ಕೊ ನಾಲ್ಕು ವರ್ಷದೊಳಗಿನ ಹೆಚ್ಚಿನವರಿಗೆ ಹೆದರಿಕೆ ಹುಟ್ಟಿಸುತ್ತದೆ, ಬಾಗಿಲಲ್ಲೇ ನಿಂತು ನೋಡಿ ನಿರ್ಧರಿಸಿ.

ಅರ್ಧ ತಾಸಿಗೊಮ್ಮೆ ಹೊರಗೆ ಕರೆತಂದು ನೀರು ಕುಡಿಸಿ, ಶೌಚಕ್ಕೆ ಒಯ್ಯಿರಿ. ನಡುಗುತ್ತಿದ್ದರೆ ಅಲ್ಲಿಗೇ ಮುಗಿಸಿ.

9. ಮಗು ಕಣ್ತಪ್ಪಿದರೆ

ಬೆಳಗ್ಗೆ ಒಳಗೆ ಹೋಗುವ ಮುನ್ನ ಮಕ್ಕಳನ್ನು ನಿಲ್ಲಿಸಿ ಪೂರ್ಣ ಫೋಟೊ ತೆಗೆಯಿರಿ, ಈಜುಡುಗೆ ಹಾಕಿದ ಮೇಲೆ ಇನ್ನೊಂದು. ಅಂಗಿ ಯಾವ ಬಣ್ಣದ್ದು ಎಂಬುದು ಗಾಬರಿಯಲ್ಲಿ ನೆನಪಾಗುವುದಿಲ್ಲ. ನಿಮ್ಮ ಫೋನ್ ನಂಬರನ್ನು ನೀರಿಗೆ ಅಳಿಸದ ಪೆನ್ನಿನಿಂದ ಮಗುವಿನ ಮುಂಗೈ ಮೇಲೆ ಬರೆಯಿರಿ. ಹೆಸರು ಹೊರಗೆ ಕಾಣುವಂತೆ ಬೇಡ. “ದಾರಿ ತಪ್ಪಿದರ ನಿಂತಲ್ಲೇ ನಿಂದ್ರು, ಯೂನಿಫಾರ್ಮ್ ಹಾಕ್ಕೊಂಡವರಿಗೆ ಕೈ ತೋರಿಸು” ಎಂದು ಮನೆಯಲ್ಲೇ ನಾಲ್ಕು ಸಲ ಆಡಿಸಿ ಕಲಿಸಿ. ಅಪ್ಪನ ಹೆಸರು, ಅವ್ವನ ಹೆಸರು, ಊರು ಹೇಳಲು ಬರಬೇಕು. “ಅವ್ವ” ಎಂದಷ್ಟೇ ಹೇಳಿದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕಾಣದಾದರೆ ಮೊದಲು ಹುಡುಕಬೇಕಾದದ್ದು ನೀರಿನಲ್ಲಿ. ಅಂಗಡಿ, ಆಟದ ಕಡೆಗೆಲ್ಲ ಆಮೇಲೆ. ಹತ್ತಿರದ ಜೀವರಕ್ಷಕರಿಗೆ ಕೂಗಿ ಹೇಳಿ, ಒಬ್ಬರು ಕೊನೆಯ ಬಾರಿ ಕಂಡ ಜಾಗದಲ್ಲೇ ನಿಂತಿರಿ.

10. ಮೂರನೇ ದಿನ

ಬೇಗ ಎಬ್ಬಿಸಬೇಡಿ. ಬೆಳಗ್ಗಿನ ವಂದೇ ಭಾರತ್, ಜನಶತಾಬ್ದಿ ಎರಡೂ ಬೆಂಗಳೂರು ಬಿಡುವುದು ನಸುಕಿನಲ್ಲಿ, ದಣಿದ ಮಕ್ಕಳಿಗೆ ಅವು ಸರಿಹೊಂದುವುದಿಲ್ಲ. ರಾತ್ರಿಯ ರಾಣಿ ಚೆನ್ನಮ್ಮದಂಥ ಗಾಡಿಯಲ್ಲಿ ಕೆಳಗಿನ ಬರ್ತ್ ಹಿಡಿದರೆ ಮಕ್ಕಳು ಮಲಗಿಕೊಂಡೇ ಊರು ಸೇರುತ್ತಾರೆ. ಕೆಳಗಿನ ಬರ್ತಿನಲ್ಲಿ ಕೂಸು ಗೋಡೆಯ ಕಡೆ, ನೀವು ಹೊರಗಿನ ಕಡೆ.

ಹಗಲು ತುಂಬಿಸಬೇಕೆಂದರೆ ಒಂದೇ ಜಾಗ ಆರಿಸಿ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಗೊಟಗೋಡಿ ನೋಡಿದ ಮಕ್ಕಳು ಅಲ್ಲಿಯ ಬೊಂಬೆ, ಒನಕೆ, ಬೀಸುಕಲ್ಲುಗಳನ್ನು ಗುರುತು ಹಿಡಿಯುತ್ತಾರೆ. ವಾರದ ರಜೆ ಯಾವಾಗ ಎಂದು ಕೇಳಿಕೊಂಡು ಹೋಗಿ. ಇನ್ನು ಸ್ವಲ್ಪ ಮುಂದೆ ಚನ್ನಪಟ್ಟಣ. ಬಣ್ಣದ ಮರದ ಆಟಿಕೆ ಒಂದೊಂದು ಕೊಡಿಸಿದರೆ ವಾಪಸು ಗಾಡಿಯಲ್ಲಿ ಮೊಬೈಲು ಬೇಕಾಗುವುದಿಲ್ಲ.

ಮನೆ ಮುಟ್ಟಿದ ದಿನ ಶಾಲೆಗೆ ಕಳಿಸಬೇಡಿ, ನೀವೂ ಕೆಲಸಕ್ಕೆ ಒಂದು ದಿನ ರಜೆ ಹಾಕಿ. ಈಜುಡುಗೆಗಳನ್ನು ಸಾದಾ ನೀರಿನಲ್ಲಿ ಹಿಂಡಿ ನೆರಳಿಗೆ ಹಾಕಿ. ಮೂರು ದಿನದೊಳಗೆ ಕಿವಿನೋವು, ಜ್ವರ, ಭೇದಿ ಕಾಣಿಸಿದರೆ ವೈದ್ಯರಿಗೆ ತೋರಿಸುವಾಗ ಕೊಳದ ನೀರಿನಲ್ಲಿ ಆಡಿದ್ದನ್ನು ತಪ್ಪದೆ ಹೇಳಿ.